ಗೋಡೆ ಮುಗಿಯುವ ಊರು

ಎಡಗಾಲಿನ ಬೂಟಿನ ದಾರವನ್ನು ನೆವಿಲ್ ಹೆಸ್ಲಪ್ ಮೂರನೆಯ ಸಲ ಬಿಚ್ಚಿ ಕಟ್ಟುತ್ತಿದ್ದಾಗ ಜೆಮ್ಮಾ ಅವನೆದುರು ಸೊಂಟದ ಮೇಲೆ ಕೈಯಿಟ್ಟು ನಿಂತು, ಏನೂ ಹೇಳದೆ ನದಿಯ ಕಡೆ ನೋಡುತ್ತಿದ್ದಳು. ಏನಾದರೂ ಹೇಳಿದ್ದರೆ ಚೆನ್ನಾಗಿತ್ತು. ಹೊಸ ಬೂಟು ಹಾಕಿಕೊಂಡು ಬರಬೇಡ, ಒಂದು ತಿಂಗಳಾದರೂ ಕಾಲಿಗೆ ಹೊಂದಿಸಿಕೋ ಎಂದು ಅವಳು ಬೇಸಗೆಯಲ್ಲೇ ಹೇಳಿದ್ದಳು. ಅವನು ಹೂಂಗುಟ್ಟಿ ಪೆಟ್ಟಿಗೆಯನ್ನು ಹಾಗೇ ಅಟ್ಟದ ಮೇಲಿಟ್ಟು, ನಿನ್ನೆ ಸಂಜೆಯಷ್ಟೇ ತೆಗೆದಿದ್ದ. ಪೆಟ್ಟಿಗೆ ತೆರೆಯದಿದ್ದರೆ ಈ ನಡಿಗೆಯ ದಿನ ಬರುವುದೇ ಇಲ್ಲವೆಂದು ಅವನ ಮನಸ್ಸಿನ ಯಾವುದೋ ಮೂಲೆ ನಂಬಿಕೊಂಡಿತ್ತು. ದಿನ ಬಂದೇ ಬಿಟ್ಟಿತ್ತು. ಸೆಪ್ಟೆಂಬರಿನ ಒಂದು ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ, ಹಾಲು ಕಲಸಿದಂಥ ಆಕಾಶ, ಟೈನ್ ನದಿಯಿಂದ ಡೀಸೆಲ್ಲಿನ ಮತ್ತು ಕೆಸರಿನ ವಾಸನೆ. ಮಗುವಿನ ಗಾಡಿ ತಳ್ಳಿಕೊಂಡು ಹೋಗುತ್ತಿದ್ದ ಹೆಂಗಸೊಬ್ಬಳು ಅವನ ಬೆನ್ನಚೀಲವನ್ನೂ ಹೊಟ್ಟೆಯನ್ನೂ ಒಂದೇ ನೋಟದಲ್ಲಿ ಅಳೆದು ಮುಗುಳ್ನಕ್ಕಳು. ಅರವತ್ತನಾಲ್ಕು ವರ್ಷದ ಗಂಡಸು ಮೋಟುಗೋಡೆಯ ಮೇಲೆ ಕುಕ್ಕರಿಸಿ ಬೂಟಿನ ಜೊತೆ ಗುದ್ದಾಡುವುದನ್ನು ನೋಡಿದರೆ ಯಾರಿಗಾದರೂ ನಗು ಬರಬೇಕಾದದ್ದೇ.

"ಆಯ್ತಾ?" ಅಂದಳು ಜೆಮ್ಮಾ.

"ಆಯ್ತು ಪುಟ್ಟಾ. ಹೊರಡೋಣ."

"ಎಂಬತ್ನಾಲ್ಕು ಮೈಲಿ ಇದೆ ನೆವ್. ಬೂಟಿಗೇ ಅರ್ಧ ಗಂಟೆ ಅಂದ್ರೆ ಪಶ್ಚಿಮದ ಸಮುದ್ರ ನಮಗೆ ಕ್ರಿಸ್‌ಮಸ್ಸಿಗೆ ಸಿಗತ್ತೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವನಿಗೆ ಹೆದರಿಕೆ ಹುಟ್ಟಿಸಿದ್ದು. ಏಳು ವರ್ಷದವಳಿದ್ದಾಗಿನಿಂದ ಅವನ ಮನೆಯಲ್ಲೇ ಬೆಳೆದವಳು ಜೆಮ್ಮಾ, ಅವನನ್ನು ಒಂದು ದಿನವೂ ಅಪ್ಪ ಎಂದು ಕರೆದವಳಲ್ಲ. ನೆವ್ ಎಂದೇ ಕರೆದಳು, ಜ್ವರ ಬಂದಾಗಲೂ, ಮದುವೆಯ ದಿನ ಅವನ ತೋಳು ಹಿಡಿದು ಚರ್ಚಿನೊಳಗೆ ನಡೆದಾಗಲೂ, ಆ ಮದುವೆ ಮುರಿದು ನಡುಮನೆಯಲ್ಲಿ ಕೂತು ಅತ್ತಾಗಲೂ. ಅಪ್ಪ ಎಂಬ ಪದ ಟೆರಿ ಹೆಡ್ಲಿಯದು. ಟೆರಿ ಸತ್ತಾಗ ಅವಳಿಗೆ ಐದು ವರ್ಷ. ಆ ಪದವನ್ನು ಅವಳು ಬೇರೆ ಯಾರಿಗೂ ಕೊಡಲಿಲ್ಲ, ನೆವಿಲ್ ಕೇಳಲೂ ಇಲ್ಲ. ಕೇಳುವ ಬಾಯಿ ಅವನಿಗೆಲ್ಲಿತ್ತು?

ವಾಲ್ಸೆಂಡ್ ಅವನ ಊರು. ಹೆಸರೇ ಹೇಳುವಂತೆ, ರೋಮನ್ನರು ದೇಶದ ಅಡ್ಡಕ್ಕೆ ಕಟ್ಟಿದ ಗೋಡೆ ಮುಗಿಯುವ ಊರು, ಈಗ ನಡೆಯುವವರಿಗೆ ಶುರುವಾಗುವ ಊರು. ಎಡಗಡೆ ಬೇಲಿಯಾಚೆ ರೋಮನ್ನರ ಕೋಟೆಯ ತಳಪಾಯ, ಹುಲ್ಲಿನ ನಡುವೆ ಗೆರೆ ಎಳೆದ ಹಾಗೆ ಕಲ್ಲಿನ ಸಾಲು. ಅವನು ಹುಡುಗನಾಗಿದ್ದಾಗ ಅಲ್ಲಿ ಕೋಟೆ ಇರಲಿಲ್ಲ, ಸಾಲುಮನೆಗಳಿದ್ದವು. ಅವನ ಅಜ್ಜಿಯ ಅಡುಗೆಮನೆಯಿದ್ದ ಕಡೆ ಈಗ ಯಾವನೋ ಸಿಪಾಯಿಯ ಕುದುರೆ ಕಟ್ಟುತ್ತಿದ್ದ ಲಾಯವಂತೆ. ಮನೆಗಳನ್ನು ಕೆಡವಿ ಅಗೆದಾಗ ಎಲ್ಲ ಹಾಗ್ಹಾಗೇ ಇತ್ತು. ಅಜ್ಜಿಯಂಥವರು ಅದರ ಮೇಲೆ ಒಲೆ ಹಚ್ಚಿ ಬಟಾಣಿ ಸೂಪು ಕುದಿಸಿದ್ದರು, ಸಾವಿರದೆಂಟುನೂರು ವರ್ಷದಿಂದ ಅದು ಕೆಳಗೆ ಸುಮ್ಮನೆ ಮಲಗಿತ್ತು. ಈ ಯೋಚನೆ ಬಂದೊಡನೆ ಅವನಿಗೆ ಮೂತ್ರಕ್ಕೆ ಅವಸರವಾಯಿತು. ಮನೆಯಲ್ಲಿ ಎರಡು ಸಲ ಹೋಗಿ ಬಂದಿದ್ದ. ಈಗ ಹೇಳಿದರೆ ಜೆಮ್ಮಾ ಮತ್ತೆ ನದಿಯ ಕಡೆ ನೋಡುತ್ತಾಳೆ. ಹೇಳದೆ ನಡೆದ.

ಫೆಬ್ರವರಿಯಲ್ಲಿ ಜೆಮ್ಮಾಳ ತಾಯಿ ಮೊರೀನಳ ಅಂತ್ಯಕ್ರಿಯೆ ಮುಗಿದು, ಜನ ಹ್ಯಾಮ್ ಸ್ಯಾಂಡ್‌ವಿಚ್ ತಿಂದು ಹೋದ ಮೇಲೆ, ಅಡುಗೆಮನೆಯಲ್ಲಿ ತಟ್ಟೆ ಒರೆಸುತ್ತಾ ಜೆಮ್ಮಾ ಈ ಮಾತೆತ್ತಿದ್ದಳು. ಅಪ್ಪ ಸತ್ತ ಹಡಗು ರಿಪೇರಿ ಯಾರ್ಡಿನ ಪಕ್ಕದಲ್ಲೇ ಗೋಡೆಯ ದಾರಿ ಹೋಗುತ್ತದೆ, ನಾನು ಯಾವತ್ತೂ ಆ ಜಾಗ ನೋಡಿಲ್ಲ, ಅಮ್ಮ ಕರೆದುಕೊಂಡು ಹೋಗಲಿಲ್ಲ, ನಾವಿಬ್ಬರೂ ಅಲ್ಲಿಂದ ಆ ಕಡೆಯ ಸಮುದ್ರದವರೆಗೂ ನಡೆಯೋಣ, ಏಳು ದಿನ. ಲೀಡ್ಸಿನ ಆಸ್ಪತ್ರೆಯಲ್ಲಿ ನರ್ಸ್ ಅವಳು. ರಜೆಯನ್ನು ಆಗಲೇ ಬರೆದು ಹಾಕಿದ್ದಳು. ಆಗಲ್ಲ ಎನ್ನಲು ಅವನಿಗೆ ಮಂಡಿನೋವಿನ ನೆಪ ಇತ್ತು. ಆದರೆ ಹೆಂಡತಿಯನ್ನು ಮಣ್ಣು ಮಾಡಿ ಬಂದ ದಿನ ಮಂಡಿಯ ಮಾತಾಡಲು ನಾಚಿಕೆಯಾಗಿ ಆಗಲಿ ಅಂದುಬಿಟ್ಟ. ಅವನ ಬದುಕಿನ ದೊಡ್ಡ ದೊಡ್ಡ ಒಪ್ಪಿಗೆಗಳೆಲ್ಲ ಹೀಗೆ ಯಾವುದೋ ಸಣ್ಣ ನಾಚಿಕೆಯಿಂದ ಹುಟ್ಟಿದವು.

ಪಕ್ಕದೂರು ವಾಕರ್ ಕಡೆಗೆ ಹೋಗುವ ದಾರಿ ಹಳೆಯ ರೈಲುಹಾದಿ. ಎರಡೂ ಬದಿ ಮುಳ್ಳುಪೊದೆ, ಅದರಲ್ಲಿ ಮಾಗಿ ಕಪ್ಪಾದ ಬ್ಲಾಕ್‌ಬೆರಿ, ಬಿಯರ್ ಡಬ್ಬಿ, ನಾಯಿಯ ಹೊಲಸು ಕಟ್ಟಿ ಕೊಂಬೆಗೆ ನೇತುಹಾಕಿದ ಪ್ಲಾಸ್ಟಿಕ್ ಚೀಲ. ಗೋಡೆಯ ಒಂದು ಕಲ್ಲೂ ಕಾಣುವುದಿಲ್ಲ. ಅದನ್ನು ನೋಡಬೇಕೆಂದರೆ ಎರಡು ದಿನ ನಡೆಯಬೇಕು. ಒಂದು ಮೈಲಿ ಹೋಗುವಷ್ಟರಲ್ಲಿ ಎಡಗಾಲಿನ ಹಿಮ್ಮಡಿ ಉರಿಯತೊಡಗಿತು. ಜೆಮ್ಮಾ ಹತ್ತು ಹೆಜ್ಜೆ ಮುಂದೆ, ಅವಳ ತಾಯಿಯ ಹಾಗೇ ಬಲಭುಜವನ್ನು ಕೊಂಚ ಮೇಲೆತ್ತಿಕೊಂಡು. ಆ ಭುಜವನ್ನು ಹಿಂದಿನಿಂದ ನೋಡುತ್ತ ನಡೆಯುವುದು ಅವನಿಗೆ ಕಷ್ಟವಾಗುತ್ತಿತ್ತು. ಮೊರೀನ್ ಬಟ್ಟೆ ಒಣಗಿಸುವಾಗ ಹಗ್ಗದ ಕೆಳಗೆ ನಿಂತು ಹಾಗೇ ಭುಜ ಎತ್ತುತ್ತಿದ್ದಳು. ಟೆರಿ ಮೊದಲ ಸಲ ಅವನನ್ನು ಊಟಕ್ಕೆ ಕರೆದುಕೊಂಡು ಹೋದ ಭಾನುವಾರ ಹಿತ್ತಿಲಲ್ಲಿ ಹಾಗೆ ನಿಂತಿದ್ದಳು, ಬಾಯಲ್ಲಿ ಎರಡು ಕ್ಲಿಪ್ಪು ಕಚ್ಚಿಕೊಂಡು. 'ಇವನೇ ನೆವ್. ನನ್ನ ಬಾಯಿ ಕಾಯೋನು' ಎಂದು ಟೆರಿ ನಕ್ಕಿದ್ದ.

ಅದು ಅವರಿಬ್ಬರ ಕೆಲಸ. ವಾಕರಿನ ಚಿಕ್ಕ ರಿಪೇರಿ ಯಾರ್ಡು, ಈಗ ಅದರ ಹೆಸರನ್ನೂ ಜನ ಮರೆತಿದ್ದಾರೆ. ಟೆರಿ ವೆಲ್ಡರ್. ಹಡಗಿನ ತಳದ ಟ್ಯಾಂಕಿನೊಳಗೆ ಆಳೊಬ್ಬ ತೂರುವಷ್ಟೇ ಅಗಲದ ಬಾಯಿಯಿಂದ ಇಳಿದು ಅವನು ಬೆಸುಗೆ ಹಾಕುತ್ತಿದ್ದ. ನೆವಿಲ್ ಹೊರಗೆ ಆ ಬಾಯಿಯ ಹತ್ತಿರ ಕೂತಿರಬೇಕು. ಎರಡು ನಿಮಿಷಕ್ಕೊಮ್ಮೆ ಸುತ್ತಿಗೆಯಿಂದ ತಗಡಿಗೆ ಎರಡೇಟು ಹೊಡೆಯಬೇಕು, ಒಳಗಿನಿಂದ ಎರಡೇಟು ಉತ್ತರ ಬರಬೇಕು. ಬರದಿದ್ದರೆ ಕೂಗಿ ಜನ ಸೇರಿಸಬೇಕು. ಅಷ್ಟೇ. ಇಡೀ ಯಾರ್ಡಿನಲ್ಲಿ ಅದಕ್ಕಿಂತ ಸುಲಭದ ಕೆಲಸ ಇರಲಿಲ್ಲ.

"ಅರೆ! ಹೆಸ್ಲಪ್ಪಾ! ಎಲ್ಲಿಗೆ ಹೊರಟ್ಯೋ, ಯುದ್ಧಕ್ಕಾ?"

ದಾರಿಯ ತಿರುವಿನಲ್ಲಿ ಸ್ಟ್ಯಾನ್ ಪ್ರೌಡ್‌ಲಾಕ್ ನಿಂತಿದ್ದ. ಯಾರ್ಡಿನಲ್ಲಿ ಕ್ರೇನ್ ಓಡಿಸುತ್ತಿದ್ದವನು, ಈಗ ಎಂಬತ್ತರ ಹತ್ತಿರ, ಕೈಯಲ್ಲಿ ನಾಯಿಯ ಹಗ್ಗ. ನಾಯಿಯೂ ಅವನಷ್ಟೇ ಮುದಿ.

"ಬೋನೆಸ್ಸಿಗೆ," ಅಂದ ನೆವಿಲ್. ಗೋಡೆಯ ಆ ತುದಿಯ ಊರು ಅದು.

"ಬಸ್ಸಲ್ಲಾ?"

"ನಡ್ಕೊಂಡು."

ಸ್ಟ್ಯಾನ್ ಅವನ ಬೂಟು ನೋಡಿದ, ಹೊಟ್ಟೆ ನೋಡಿದ, ನಾಯಿಗೆ ಹೇಳಿದ: "ಕೇಳಿದ್ಯೇನೋ? ನಡ್ಕೊಂಡಂತೆ. ನ್ಯೂಬರ್ನ್ ದಾಟಲ್ಲ ಇವನು. ಅಲ್ಲಿಂದ ಆ್ಯಂಬುಲೆನ್ಸಲ್ಲಿ ತಂದು ಹಾಕ್ತಾರೆ, ನೋಡ್ತಿರು." ಆಮೇಲೆ ಜೆಮ್ಮಾಳ ಮುಖ ದಿಟ್ಟಿಸಿ, ಟೋಪಿ ತೆಗೆದ. "ನೀನು ಟೆರಿ ಮಗಳಲ್ವೇನಮ್ಮ? ಕಣ್ಣು ಅವನವೇ. ನಿಮ್ಮಮ್ಮನ ವಿಷ್ಯ ಕೇಳಿ ಬೇಜಾರಾಯ್ತು ಕಣವ್ವ. ಒಳ್ಳೆ ಹೆಂಗಸು."

"ಥ್ಯಾಂಕ್ಸ್. ನೀವು ಅಪ್ಪನ ಜೊತೆ ಕೆಲಸ ಮಾಡ್ತಿದ್ರಾ?"

"ಜೊತೆಗೆ ಅಂದ್ರೆ, ನಾನು ಮೇಲೆ ಆಕಾಶದಲ್ಲಿ, ಅವನು ಕೆಳಗೆ ಪಾತಾಳದಲ್ಲಿ. ಆವತ್ತು ನಾನಿದ್ದೆ. ಎಲ್ಲ ನೋಡ್ದೆ ಮೇಲಿಂದ." ಸ್ಟ್ಯಾನ್ ನಾಯಿಯ ಹಗ್ಗವನ್ನು ಇನ್ನೊಂದು ಕೈಗೆ ಬದಲಾಯಿಸಿದ. "ಈ ಮುಟ್ಠಾಳ ಇದಾನಲ್ಲ ನಿನ್ನ ಪಕ್ಕದಲ್ಲಿ, ಯಾರನ್ನೂ ಕಾಯ್ಲಿಲ್ಲ ಕಣಮ್ಮ. ಉಸಿರು ಕಟ್ಟಿ ಒಳಗೆ ನುಗ್ಗಿದ. ನಿಮ್ಮಪ್ಪನ್ನ ಕಾಲು ಹಿಡಿದು ಎಳ್ಕೊಂಡು ಬಂದ, ತಾನೂ ಅಲ್ಲೇ ಬಿದ್ದ. ಇಬ್ರನ್ನೂ ಒಂದೇ ಸಲ ಹಲಗೆ ಮೇಲೆ ಹಾಕಿ ಎತ್ತಿದೀನಿ ನಾನು, ಈ ಕೈಯಲ್ಲಿ. ಒಬ್ಬ ಉಳ್ದ, ಒಬ್ಬ ಹೋದ. ಅಂಥವನ ಜೊತೆ ಹೋಗ್ತಿದೀಯ ನೀನು, ಧೈರ್ಯವಾಗಿ ಹೋಗು. ಊಟದ ವಿಷ್ಯದಲ್ಲಿ ಮಾತ್ರ ನಂಬ್ಬೇಡ."

ಜೆಮ್ಮಾ ನಗಲಿಲ್ಲ. "ಮೇಲಿಂದ ಎಲ್ಲ ಕಾಣ್ತಿತ್ತಾ?" ಎಂದಳು.

"ಗೇಟಿಂದ ನದಿವರೆಗೂ."

ನೆವಿಲ್ ಚೀಲದ ಪಟ್ಟಿ ಸರಿಮಾಡಿಕೊಂಡ. ಮೂವತ್ತೇಳು ವರ್ಷದಿಂದ ಅವನು ಈ ಮುದುಕನ ಜೊತೆ ಕ್ಲಬ್ಬಿನಲ್ಲಿ ಬಿಯರ್ ಕುಡಿದಿದ್ದ. ಕ್ರೇನಿನ ಮೇಲಿಂದ ಏನೆಲ್ಲ ಕಾಣುತ್ತಿತ್ತು ಎಂದು ಒಮ್ಮೆಯೂ ಕೇಳಿರಲಿಲ್ಲ. ಸ್ಟ್ಯಾನ್ ಅವನ ಭುಜ ತಟ್ಟಿದ, ತಟ್ಟುವಾಗ ಒಂದು ಕ್ಷಣ ಅವನ ಕೈ ಅಲ್ಲೇ ನಿಂತಿತೋ, ಅಥವಾ ಮುದುಕರ ಕೈಗಳೆಲ್ಲ ಹಾಗೆ ನಿಲ್ಲುತ್ತವೋ. "ಹೋಗಿ ಬಾರೋ," ಅಂದು ನಾಯಿಯನ್ನು ಎಳೆದುಕೊಂಡು ಹೋದ.

ಅರ್ಧ ಮೈಲಿ ಮುಂದೆ ನಡೆದರು. ಕೆಳಗೆ ನದಿ ಕಂದು ಬಣ್ಣಕ್ಕೆ ಹರಿಯುತ್ತಿತ್ತು. ತಂತಿಬೇಲಿ ಶುರುವಾದ ಕಡೆ ಜೆಮ್ಮಾ ನಿಂತು ಅವನಿಗಾಗಿ ಕಾದಳು. ಬೇಲಿಯಾಚೆ ಒಡೆದ ಕಾಂಕ್ರೀಟು, ಅದರ ಬಿರುಕುಗಳಲ್ಲಿ ಆಳೆತ್ತರ ಬೆಳೆದು ಒಣಗಿದ ಬಡ್ಲಿಯಾ ಹೂವಿನ ಗಿಡ.

"ಇಲ್ಲೇನಾ?"

"ಇಲ್ಲೇ," ಎಂದ ನೆವಿಲ್.

ಅದು ಅಲ್ಲಿರಲಿಲ್ಲ. ಯಾರ್ಡು ಇನ್ನೂ ಇನ್ನೂರು ಗಜ ಮುಂದೆ. ಯಾಕೆ ಹಾಗಂದನೋ ಅವನಿಗೇ ತಿಳಿಯದು. ಬೇಗ ಮುಗಿಯಲಿ ಎಂದಿರಬೇಕು. ಜೆಮ್ಮಾ ಬೇಲಿಯ ತಂತಿಗೆ ಬೆರಳು ಸಿಕ್ಕಿಸಿ ಹಣೆಯನ್ನು ಅದಕ್ಕೆ ಆನಿಸಿ ನಿಂತಳು. ಅಲ್ಲಿ ಹಿಂದೆ ಇದ್ದದ್ದು ಬಣ್ಣದ ಡಬ್ಬಿಗಳ ಗೋದಾಮು. ಬಣ್ಣದ ಗೋದಾಮಿಗೆ ಹಣೆ ಹಚ್ಚಿ ತನ್ನ ಅಪ್ಪನನ್ನು ನೆನೆಯುತ್ತಿರುವ ನಲವತ್ತೆರಡು ವರ್ಷದ ಹೆಂಗಸಿನ ಹಿಂದೆ ಅವನು ಟೋಪಿ ಕೈಯಲ್ಲಿ ಹಿಡಿದು ನಿಂತ. ಈಗಲಾದರೂ ಹೇಳಬಹುದಿತ್ತು: ಇಲ್ಲಿ ಅಲ್ಲ ಪುಟ್ಟಾ, ಮುಂದೆ. ಹೇಳಲಿಲ್ಲ. ಅವಳು ಕಣ್ಣೊರೆಸಿಕೊಂಡು ಹೊರಟಳು. ಇನ್ನೂರು ಗಜದ ಮೇಲೆ ನಿಜವಾದ ಜಾಗ ಬಂದಾಗ ಅವಳು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಸುಮ್ಮನೆ ದಾಟಿಹೋದಳು. ಅವನು ಮಾತ್ರ ನೋಡಿದ: ಗೇಟಿನ ಒಂದು ಕಂಬ ಇನ್ನೂ ನಿಂತಿತ್ತು. ಆಗ ಆ ಕಂಬಕ್ಕೆ ಒತ್ತಿಕೊಂಡಂತೆ ಕೆಂಪು ಟೆಲಿಫೋನ್ ಗೂಡಿತ್ತು. ಅದರ ಬಾಗಿಲು ಭಾರ, ಎಳೆದರೆ ಕಿರುಗುಟ್ಟುತ್ತಿತ್ತು. ನವೆಂಬರಿನ ಆ ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ ಅವನು ಸುತ್ತಿಗೆಯನ್ನು ಟ್ಯಾಂಕಿನ ಬಾಯಿಯ ಪಕ್ಕ ಇಟ್ಟು, ಆ ಬಾಗಿಲನ್ನು ಎಳೆದಿದ್ದ.

ಊಟದ ಹೊತ್ತಿನಲ್ಲಿ ಟ್ಯಾಂಕಿನೊಳಗೆ ಬಿಟ್ಟುಹೋಗಿದ್ದ ಕೊಳವೆಯಿಂದ ಬೆಸುಗೆಗೆ ಬಳಸುವ ಆರ್ಗಾನ್ ಅನಿಲ ಸೋರಿ, ಉಸಿರಾಡುವ ಗಾಳಿಯನ್ನು ತಳ್ಳಿ ತಳದಲ್ಲಿ ತುಂಬಿಕೊಂಡಿತ್ತು. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಕೆಮ್ಮು ಕೂಡ ಬರುವುದಿಲ್ಲ. ಟೆರಿ ಕೆಳಗಿಳಿದು ಎರಡು ಉಸಿರು ಎಳೆದಿರಬೇಕು, ಮಂಡಿಯೂರಿರಬೇಕು. ಮೂರನೆಯ ನಿಮಿಷದಲ್ಲಿ ಹೊರಗೆಳೆದಿದ್ದರೆ ಬದುಕುತ್ತಿದ್ದ ಎಂದು ವಿಚಾರಣೆಯಲ್ಲಿ ಡಾಕ್ಟರು ಹೇಳಿದರು. ನೆವಿಲ್ ಅದೇ ವಿಚಾರಣೆಯಲ್ಲಿ, ಕಂಠದಲ್ಲಿ ಇನ್ನೂ ಆಸ್ಪತ್ರೆಯ ನಳಿಕೆಯ ಗಾಯವಿಟ್ಟುಕೊಂಡು, ಪಿಸುದನಿಯಲ್ಲಿ ಹೇಳಿದ: ನಾನು ಬಡಿದೆ, ಉತ್ತರ ಬಂತು, ಮತ್ತೆ ಬಡಿದೆ, ಬರಲಿಲ್ಲ, ಇಳಿದೆ. ಎಲ್ಲರೂ ಅವನ ಗಂಟಲಿನ ಕಡೆ ಮರುಕದಿಂದ ನೋಡುತ್ತಿದ್ದರು. ಮೊರೀನ್ ಮೊದಲ ಸಾಲಿನಲ್ಲಿ ಕಪ್ಪು ಕೋಟು ಹಾಕಿ ಕೂತಿದ್ದಳು. ಅವಳೊಬ್ಬಳು ಮಾತ್ರ ನೆಲ ನೋಡುತ್ತಿದ್ದಳು. ಯಾಕೆಂದರೆ ಟೆಲಿಫೋನ್ ಗೂಡಿನಲ್ಲಿ ಕಳೆದ ಆ ಹನ್ನೊಂದು ನಿಮಿಷ ನೆವಿಲ್ ಮಾತಾಡಿದ್ದು ಅವಳ ಜೊತೆ.

ಸೇಂಟ್ ಪೀಟರ್ಸಿನ ದೋಣಿಕಟ್ಟೆ ಮುಟ್ಟುವಾಗ ಹನ್ನೊಂದೂವರೆ. ಸಣ್ಣ ಹಾಯಿದೋಣಿಗಳು, ಮೋಟಾರು ದೋಣಿಗಳು ಸಾಲಾಗಿ ಹಗ್ಗಕ್ಕೆ ಕಟ್ಟಿಕೊಂಡು ತೂಗುತ್ತಿದ್ದವು. ಅವನು ಕುಂಟುತ್ತಿದ್ದ. ಜೆಮ್ಮಾ ಅವನನ್ನು ಬೆಂಚಿನ ಮೇಲೆ ಕೂರಿಸಿ, ನೆಲದಲ್ಲಿ ಮಂಡಿಯೂರಿ, ಕಾಲನ್ನು ತನ್ನ ತೊಡೆಯ ಮೇಲೆತ್ತಿಕೊಂಡು ಬೂಟು ಕಳಚಿದಳು. ಕಾಲುಚೀಲದ ಹಿಮ್ಮಡಿ ರಕ್ತದಲ್ಲಿ ಒದ್ದೆಯಾಗಿತ್ತು. "ಅಯ್ಯೋ ನೆವ್," ಅಂದಳು, ಅಷ್ಟೇ. ದಿನಕ್ಕೆ ಇಪ್ಪತ್ತು ಕಾಲು ನೋಡುವವಳು ಹೇಗೋ ಹಾಗೆ ಒರೆಸಿದಳು, ಮುಲಾಮು ಹಚ್ಚಿದಳು, ಪಟ್ಟಿ ಅಂಟಿಸಿದಳು. ತನ್ನ ಹಳದಿಗಟ್ಟಿದ ಉಗುರುಗಳು, ಉಬ್ಬಿದ ನರಗಳು ಅವಳ ಬಿಳಿಯ ಬೆರಳುಗಳ ನಡುವೆ ಇರುವುದನ್ನು ನೋಡಿ ಅವನಿಗೆ ಕಾಲನ್ನು ಎಳೆದುಕೊಳ್ಳಬೇಕೆನಿಸಿತು. ಅವಳು ಬಿಡಲಿಲ್ಲ. ಪಟ್ಟಿಯ ಅಂಚನ್ನು ಹೆಬ್ಬೆರಳಿನಿಂದ ಸವರುತ್ತ, ತಲೆಯೆತ್ತದೆ ಕೇಳಿದಳು:

"ಅಮ್ಮ ಕೊನೇ ವಾರ ಒಂದು ಮಾತು ಹೇಳ್ತಿದ್ಳು. ನಿನಗೆ ಗೊತ್ತಾ?"

"ಏನೇನೋ ಹೇಳ್ತಿದ್ಳು ಪುಟ್ಟಾ. ಮಾರ್ಫೀನು."

"ಮಾರ್ಫೀನ್ ಮಾತು ನಾನು ದಿನಾ ಕೇಳ್ತೀನಿ. ಕೆಲವು ಬರೀ ಗಾಳಿ. ಕೆಲವು ಅಲ್ಲ." ಅವಳು ಅವನ ಕಾಲನ್ನು ನೆಲಕ್ಕಿಳಿಸಿದಳು. "'ಫೋನ್ ಇಡು ನೆವ್, ಅವನು ಒಳಗಿದಾನೆ.' ಮೂರು ರಾತ್ರಿ ಇದೇ. ನೀನು ಮನೆಗೆ ನಿದ್ದೆ ಮಾಡಕ್ಕೆ ಹೋಗಿರ್ತಿದ್ದೆ. ನನ್ನ ಕೈಯನ್ನ ಫೋನ್ ಥರ ಕಿವಿಗೆ ಹಿಡ್ಕೊಂಡು ಹೇಳ್ತಿದ್ಳು. ಫೋನ್ ಇಡು, ಅವನು ಒಳಗಿದಾನೆ."

ನೀರು ದೋಣಿಗಳ ಹೊಟ್ಟೆಗೆ ಬಡಿಯುತ್ತಿತ್ತು. ಅವನ ಮನೆಯಲ್ಲಿ ಫೋನ್ ಹೊಡೆದುಕೊಂಡರೆ ಅವನೂ ಏಳುತ್ತಿರಲಿಲ್ಲ, ಮೊರೀನಳೂ ಏಳುತ್ತಿರಲಿಲ್ಲ. ಪುಟ್ಟ ಜೆಮ್ಮಾ ಮಹಡಿಯಿಂದ ದಡದಡ ಇಳಿದು ಬಂದು ಎತ್ತಬೇಕಿತ್ತು. 'ನೀವಿಬ್ರೂ ಕಿವುಡರಾ?' ಎಂದು ಕೇಳುತ್ತಿದ್ದಳು. ಮೂವತ್ತೈದು ವರ್ಷದ ಸಂಸಾರದಲ್ಲಿ ಆ ಮಧ್ಯಾಹ್ನದ ಬಗ್ಗೆ ಗಂಡ ಹೆಂಡತಿ ಒಂದೇ ಒಂದು ಮಾತು ಆಡಲಿಲ್ಲ. ಅವನು ಸಹಿಸಿದ್ದ, ಅವಳೂ ಸಹಿಸಿದ್ದಳು, ಇಬ್ಬರೂ ಒಬ್ಬರಿಗೊಬ್ಬರು ಚಹಾ ಮಾಡಿಕೊಟ್ಟಿದ್ದರು. ಪ್ರೀತಿ ಎಂದು ಹೊರಟದ್ದು ಯಾವಾಗಲೋ ಬೇರೆ ಏನೋ ಆಗಿತ್ತು: ಒಂದೇ ಕೇಸಿನ ಇಬ್ಬರು ಆಪಾದಿತರು ಒಂದೇ ಕೋಣೆಯಲ್ಲಿ ವಯಸ್ಸಾಗುವ ಹಾಗೆ. ಕೊನೆಗೆ ಅವಳು ಒಬ್ಬಳೇ ಹೇಳಿಬಿಟ್ಟು ಹೋದಳು.

"ಆವತ್ತು ನೀನು ಅಲ್ಲಿರಲಿಲ್ಲ," ಅಂದಳು ಜೆಮ್ಮಾ. ಅದು ಪ್ರಶ್ನೆಯಾಗಿರಲಿಲ್ಲ.

"ಇರಲಿಲ್ಲ."

ಇಷ್ಟು ವರ್ಷ ಹೊತ್ತ ಮಾತು ಎರಡು ಸೆಕೆಂಡಿನಲ್ಲಿ ಬಾಯಿಂದ ಬಿದ್ದಿತ್ತು. ನದಿ ಹರಿಯುತ್ತಲೇ ಇತ್ತು.

"ಎಲ್ಲಿದ್ದೆ?"

"ಗೇಟ್ ಹತ್ರ. ಫೋನ್ ಬೂತಲ್ಲಿ."

"ಯಾರಿಗೆ ಮಾಡ್ತಿದ್ದೆ?"

ಅವಳ ಕಣ್ಣುಗಳನ್ನು ಅವನು ನೋಡಿದ. ಸ್ಟ್ಯಾನ್ ಹೇಳಿದ ಹಾಗೆ ಟೆರಿಯ ಕಣ್ಣುಗಳೇ. ಅವು ಗೋಗರೆಯುತ್ತಿದ್ದವು. ನಿಜ ಹೇಳು ಎಂದೋ, ಹೇಳಬೇಡ ಎಂದೋ, ಅವನಿಗೆ ಗೊತ್ತಾಗಲಿಲ್ಲ. ಈಗ ಅವನು ಒಂದು ಹೆಸರು ಹೇಳಿದರೆ ಇವಳಿಗೆ ಅಪ್ಪನೂ ಇಲ್ಲ, ನೆವ್ ಕೂಡ ಇಲ್ಲ, ಅಮ್ಮನೂ ಇಲ್ಲ. ಫೆಬ್ರವರಿಯಲ್ಲಿ ಮಣ್ಣಿಗಿಟ್ಟವಳನ್ನು ಮತ್ತೆ ಅಗೆದು ತೆಗೆಯಬೇಕು.

"ಬೆಟ್ಟಿಂಗ್ ಅಂಗಡಿಗೆ," ಎಂದ.

"ಏನು?"

"ಕುದುರೆ. ಒಂದೂಕಾಲಿಗೆ ರೇಸಿತ್ತು. ಒಂದು ಕುದುರೆ ಮೇಲೆ ದುಡ್ಡು ಕಟ್ಟೋಣ ಅಂತ. ಎರಡೇ ನಿಮಿಷ ಅಂತ ಹೋದೆ. ಲೈನ್ ಸಿಗ್ಲಿಲ್ಲ, ಕಾದೆ."

ಜೆಮ್ಮಾ ನೆಲದ ಮೇಲೇ ಹಿಂದಕ್ಕೆ ಕೂತುಬಿಟ್ಟಳು. ಮುಲಾಮಿನ ಟ್ಯೂಬಿನ ಮುಚ್ಚಳ ತಿರುಗಿಸಿ ಹಾಕಿದಳು. "ಕುದುರೆ," ಅಂದಳು. ಮತ್ತೆ, "ಅಮ್ಮನಿಗೆ ಹೇಗೆ ಗೊತ್ತಾಯ್ತು?"

"ನಾನೇ ಹೇಳ್ದೆ. ಮದುವೆ ಆಗಿ ಬಹಳ ವರ್ಷದ ಮೇಲೆ. ನೀನು ಲೀಡ್ಸಿಗೆ ಓದಕ್ಕೆ ಹೋದ ವರ್ಷ. ಅಲ್ಲಿವರೆಗೂ ಅವಳಿಗೆ ಏನೂ ಗೊತ್ತಿರಲಿಲ್ಲ. ನಿನ್ನಾಣೆ, ಏನೂ ಗೊತ್ತಿರಲಿಲ್ಲ ಅವಳಿಗೆ." ದನಿ ತನಗೇ ಜೋರಾಗಿ ಕೇಳಿಸಿ ಅವನು ತಗ್ಗಿಸಿದ. "ಒಂದು ತಿಂಗಳು ನನ್ನ ಜೊತೆ ಮಾತಾಡ್ಲಿಲ್ಲ."

"ಗೆದ್ದಿತಾ?"

ಅವನಿಗೆ ತಿಳಿಯಲಿಲ್ಲ. "ಏನು?"

"ಕುದುರೆ ನೆವ್. ನಮ್ಮಪ್ಪ ಒಳಗೆ ಸಾಯ್ತಿದ್ದಾಗ ನೀನು ದುಡ್ಡು ಕಟ್ಟಿದ ಕುದುರೆ. ಗೆದ್ದಿತಾ?"

"ಇಲ್ಲ. ಮೂರನೇದು ಬಂತು."

"ಹೆಸರು?"

ಇದಕ್ಕೆ ಅವನು ತಯಾರಿರಲಿಲ್ಲ. ಕುದುರೆಗೆ ಏನು ಹೆಸರಿಡುತ್ತಾರೆ? ಅವಳ ಭುಜದ ಮೇಲಿಂದ ಅವನ ಕಣ್ಣು ನೀರಿನ ಕಡೆ ಹೋಯಿತು. ಎರಡನೆಯ ದೋಣಿಯ ಹಿಂಬದಿಯಲ್ಲಿ ನೀಲಿ ಅಕ್ಷರದಲ್ಲಿ ಅದರ ಹೆಸರು ಬರೆದಿತ್ತು. "ಲೇಡಿ ಐಸೊಬೆಲ್," ಎಂದ.

"ಲೇಡಿ ಐಸೊಬೆಲ್," ಎಂದು ಅವಳು ಹೇಳಿದಳು, ರೋಗಿಯ ಹೆಸರನ್ನು ಚೀಟಿಯಲ್ಲಿ ಬರೆದುಕೊಳ್ಳುವ ಮುಂಚೆ ಬಾಯಲ್ಲಿ ಒಮ್ಮೆ ಹೇಳಿ ನೋಡುವ ಹಾಗೆ. ಎದ್ದು ನಿಂತು ಮಂಡಿಯ ಧೂಳು ಕೊಡವಿಕೊಂಡಳು. ನೀರಿನ ಕಡೆ ತಿರುಗಿದಳು. ದೋಣಿಗಳ ಸಾಲನ್ನು ನೋಡುತ್ತ ನಿಂತಳು, ಎಷ್ಟು ಹೊತ್ತೆಂದರೆ ಅಷ್ಟರಲ್ಲಿ ಆ ಸಾಲಿನ ಪ್ರತಿಯೊಂದು ಹೆಸರನ್ನೂ ಎರಡೆರಡು ಸಲ ಓದಬಹುದಿತ್ತು. ಓದಿದಳೋ ಇಲ್ಲವೋ. ತಿರುಗಿದಾಗ ಮುಖ ಬೂದಿಯ ಬಣ್ಣಕ್ಕಿತ್ತು. ಅವನು ಕಾದಿದ್ದ ಬೈಗುಳ ಬರಲಿಲ್ಲ.

ಬದಲಿಗೆ ಅವಳು ಚೀಲಗಳನ್ನು ಬಿಚ್ಚತೊಡಗಿದಳು. ಇಬ್ಬರ ಸಾಮಾನನ್ನೂ ಹಂಚಿ ತುಂಬಿದ್ದರು. ಅವನ ಚೀಲದಿಂದ ನಕ್ಷೆ ತೆಗೆದಳು, ತನ್ನ ಮಳೆಯಂಗಿ ತೆಗೆದಳು, ಚಾರ್ಜರ್, ಒಂದು ಪೊಟ್ಟಣ ಓಟ್ ಬಿಸ್ಕತ್ತು. ತನ್ನ ಚೀಲದಿಂದ ಅವನ ರಕ್ತದೊತ್ತಡದ ಮಾತ್ರೆಯ ಡಬ್ಬಿ, ಉಣ್ಣೆಯ ಕಾಲುಚೀಲ, ಹಲ್ಲುಜ್ಜುವ ಬ್ರಷ್ಷು ತೆಗೆದು ಅವನ ಪಕ್ಕ ಬೆಂಚಿನ ಮೇಲೆ ಒಂದರ ಪಕ್ಕ ಒಂದು ಇಟ್ಟಳು. ಸ್ಯಾಂಡ್‌ವಿಚ್ಚಿನ ಕಟ್ಟು ಬಿಚ್ಚಿ ನಾಲ್ಕರಲ್ಲಿ ಎರಡು ಅವನಿಗಿಟ್ಟಳು. ದಾರಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಗಂಡ ಹೆಂಡತಿಯರ ಜಗಳವೆಂದುಕೊಂಡರೋ ಏನೋ. ಅವನು ಒಂದು ಕಾಲಿಗೆ ಬೂಟಿಲ್ಲದೆ, ತನ್ನ ಒಳಬಟ್ಟೆ ಬೆಂಚಿನ ಮೇಲೆ ಬರುವುದನ್ನು ನೋಡುತ್ತ ಕೂತಿದ್ದ.

"ಏಳು ದಿನ ನಿನ್ನ ಜೊತೆ ನಡೀಬೇಕು ಅಂತ ಬಂದೆ," ಅಂದಳು. "ನೀನು ಏನು ಹೇಳಿದ್ರೂ ಪರವಾಗಿಲ್ಲ, ನಡೀತಾ ನಡೀತಾ ಸರಿಹೋಗತ್ತೆ ಅಂದ್ಕೊಂಡಿದ್ದೆ. ಆಗಲ್ಲ ನಂಗೆ."

"ಜೆಮ್ಮಾ—"

"ಕಾಲು ಒದ್ದೆ ಮಾಡ್ಬೇಡ. ನಾಳೆ ಪಟ್ಟಿ ಬದಲಾಯಿಸು. ಮೇಲೆ ರಸ್ತೇಲಿ ಬಸ್ ಸಿಗತ್ತೆ." ಚೀಲವನ್ನು ಭುಜಕ್ಕೇರಿಸಿ ಪಟ್ಟಿಗಳನ್ನು ಬಿಗಿಮಾಡಿಕೊಂಡಳು. ನಾಲ್ಕು ಹೆಜ್ಜೆ ಹೋಗಿ ನಿಂತಳು. "ನಾನಾಗೇ ಮಾಡೋವರೆಗೂ ನಂಗೆ ಫೋನ್ ಮಾಡ್ಬೇಡ."

ಪಶ್ಚಿಮಕ್ಕೆ, ಸೇತುವೆಗಳ ಕಡೆಗೆ, ಬಲಭುಜ ಕೊಂಚ ಮೇಲೆತ್ತಿಕೊಂಡು ಅವಳು ಹೋದಳು. ತಿರುಗಿ ನೋಡಲಿಲ್ಲ.

ಎಷ್ಟು ಹೊತ್ತು ಕೂತಿದ್ದನೋ. ಮಳೆ ಹನಿಯಿತು, ನಿಂತಿತು. ಸ್ಯಾಂಡ್‌ವಿಚ್ ತಿಂದ, ಹಸಿವಾಗಿತ್ತು, ರುಚಿಯಾಗಿಯೂ ಇತ್ತು, ಅದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ಬಸ್ಸು ಹತ್ತಲಿಲ್ಲ. ಬಸ್ಸಿನಲ್ಲಿ ಜನರ ನಡುವೆ ಕೂರುವುದಕ್ಕಿಂತ ಬಂದ ದಾರಿಯಲ್ಲೇ ಕುಂಟುವುದು ವಾಸಿ ಅನ್ನಿಸಿತು. ನಡೆಯುತ್ತ ಮೊದಲು ಅವನಿಗೆ ಒಂದು ಬಗೆಯ ಹಗುರ. ಮೊರೀನಳನ್ನು ಉಳಿಸಿದೆ. ಮಗಳಿಗೆ ತಾಯಿಯನ್ನು ಉಳಿಸಿಕೊಟ್ಟೆ, ಎಲ್ಲವನ್ನೂ ನನ್ನ ತಲೆಯ ಮೇಲೆ ಹಾಕಿಕೊಂಡೆ. ಮೂವತ್ತೇಳು ವರ್ಷದಲ್ಲಿ ಮೊದಲನೆಯ ಸಲ ಒಂದು ಒಳ್ಳೆಯ ಕೆಲಸ. ಆದರೆ ಹಳೆಯ ಯಾರ್ಡಿನ ಹತ್ತಿರ ಬರುವಷ್ಟರಲ್ಲಿ ಆ ಹಗುರ ಸೋರಿಹೋಗಿತ್ತು. ಕುದುರೆಯ ಮೇಲೆ ದುಡ್ಡು ಕಟ್ಟಲು ಹೋದವನು ಬರಿಯ ದಡ್ಡ. ದಡ್ಡನನ್ನು ಜನ ಇಂದಲ್ಲ ನಾಳೆ ಕ್ಷಮಿಸುತ್ತಾರೆ. ತಾನು ಆರಿಸಿಕೊಂಡದ್ದು ಸಣ್ಣ ಅಪರಾಧವನ್ನೇ. ಇದ್ದ ಎರಡರಲ್ಲಿ ಅಗ್ಗದ್ದನ್ನೇ. ಮೊರೀನಳ ಬೆನ್ನಿನ ಹಿಂದೆ ಅವಿತು ಅದಕ್ಕೆ ತ್ಯಾಗ ಎಂದು ಹೆಸರಿಟ್ಟೆನಲ್ಲ.

ಹೇಳಲಾಗದ್ದು ಫೋನ್ ಮಾಡಿದ್ದಲ್ಲ. ಎರಡು ತಿಂಗಳಿಂದ ಮಾತಾಡುತ್ತಿದ್ದರು, ಮುಟ್ಟಿದ್ದು ಒಂದೇ ಸಲ, ಅದನ್ನೂ ಹೇಗೋ ಹೇಳಬಹುದಿತ್ತು. ಹೇಳಲಾಗದ್ದು ನಗು. ಆ ಮಧ್ಯಾಹ್ನ ಮೊರೀನ್ ಟೆರಿಯ ಗೊರಕೆಯ ಬಗ್ಗೆ ಹೇಳುತ್ತಿದ್ದಳು: ನಿದ್ದೆಯಲ್ಲಿ ಗೋಲು ಹೊಡೆದವನ ಹಾಗೆ ಕಾಲು ಝಾಡಿಸುತ್ತಾನೆ, ಆಮೇಲೆ ಚಪ್ಪಾಳೆ ಕಾದಂತೆ ಎರಡು ಕ್ಷಣ ಸುಮ್ಮನಿದ್ದು ಮತ್ತೆ ಗೊರಕೆ. ಅವಳು ಗೊರಕೆಯನ್ನು ಅಣಕಿಸಿ ತೋರಿ, ಉಸಿರು ಸಿಕ್ಕಿಕೊಂಡು ನಕ್ಕಳು. ಅವನು ಗೂಡಿನ ಗಾಜಿಗೆ ಹಣೆ ಒತ್ತಿ ಕಣ್ಣಲ್ಲಿ ನೀರು ಬರುವವರೆಗೂ ನಕ್ಕ. 'ಫೋನ್ ಇಡು ನೆವ್, ಅವನು ಒಳಗಿದಾನೆ, ಹೋಗು' ಎಂದು ಅವಳು ನಗುತ್ತಲೇ ಅಂದಳು. 'ಇನ್ನೊಂದೇ ಸಲ, ಗೊರಕೆ ಮಾಡಿ ತೋರ್ಸು' ಎಂದು ಅವನು ಬೇಡಿದ. ಅವಳು ಮಾಡಿ ತೋರಿಸಿದಳು. ಈಗ ನದಿಯ ಪಕ್ಕ ಹಗ್ಗವಿಲ್ಲದ ದೋಣಿಯಂತೆ ಅವನು ಆ ಗೇಟಿನ ಕಂಬದ ಹತ್ತಿರ ನಿಂತ. ಹಿಮ್ಮಡಿಯ ಪಟ್ಟಿ ಜರುಗಿ ಬೂಟಿನೊಳಗೆ ಮತ್ತೆ ಒದ್ದೆಯಾಗಿತ್ತು.

ವಾಲ್ಸೆಂಡ್ ಮುಟ್ಟಿದಾಗ ನಾಲ್ಕು ಗಂಟೆ. ಕೋಟೆಯ ಬೇಲಿಯ ಹತ್ತಿರ ನಾಲ್ಕೈದು ಜನ, ಒಂದೇ ಬಣ್ಣದ ಅಂಗಿ, ಮಂಡಿವರೆಗೂ ಕೆಸರು, ಒಬ್ಬರನ್ನೊಬ್ಬರು ತಬ್ಬಿಕೊಂಡು ಕೇಕೆ ಹಾಕುತ್ತಿದ್ದರು. ಪಶ್ಚಿಮದ ಸಮುದ್ರದಿಂದ ನಡೆದು ಬಂದು ಈಗಷ್ಟೇ ಮುಗಿಸಿದವರು. ತಲೆ ತಗ್ಗಿಸಿ ದಾಟಿಹೋಗಬೇಕೆಂದಿದ್ದ. ಬಿಳಿಗೂದಲಿನ ದಪ್ಪ ಹೆಂಗಸೊಬ್ಬಳು ಅವನ ಬೆನ್ನಚೀಲ ನೋಡಿದಳು, ಕುಂಟುವುದನ್ನು ನೋಡಿದಳು, ಎರಡೂ ಕೈ ಚಾಚಿಕೊಂಡು ಎದುರಿಗೆ ಬಂದಳು.

"ಬನ್ನಿ ಬನ್ನಿ ಬನ್ನಿ! ಇನ್ನು ಹತ್ತೇ ಹೆಜ್ಜೆ! ಏಯ್, ಇಲ್ಲೊಬ್ರು ಬಂದ್ರು ನೋಡ್ರೋ! ಒಬ್ರೇನಾ ನೀವು?"

"ಒಬ್ನೇ," ಎಂದ ನೆವಿಲ್.

ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರೋ ಅವನ ಕೈ ಕುಲುಕಿದರು, ಯಾರೋ ಬಾಟಲಿಯಿಂದ ಗುಟುಕು ಶಾಂಪೇನನ್ನು ಪ್ಲಾಸ್ಟಿಕ್ ಲೋಟಕ್ಕೆ ಸುರಿದು ಕೊಟ್ಟರು. "ಈ ವಯಸ್ಸಲ್ಲಿ! ಅದೂ ಆ ಕಾಲಲ್ಲಿ!" ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ. ಬಿಳಿಗೂದಲಿನವಳು ಅವನ ಎರಡೂ ಕೆನ್ನೆಗೆ ಮುತ್ತಿಟ್ಟಳು. "ನಿಮ್ಮ ಮನೆಯವ್ರು ಎಷ್ಟು ಹೆಮ್ಮೆ ಪಡ್ತಾರೆ ಅಲ್ವಾ! ಹೇಳಿ, ಯಾವುದು ತುಂಬ ಕಷ್ಟ ಆಯ್ತು? ನಮಗೆಲ್ಲ ಮೂರನೇ ದಿನ, ಆ ಬಂಡೆಗಳು, ಆ ಗಾಳಿ..."

ಅಲ್ಲ, ನಾನು ಮುಗಿಸಿದವನಲ್ಲ ಎನ್ನಲು ನಾಲ್ಕು ಮಾತು ಸಾಕಿತ್ತು. ಐದು ಜನ ಅವನ ಬಾಯನ್ನೇ ನೋಡುತ್ತಿದ್ದರು, ಸುಸ್ತಾದ ಸಂತೋಷದ ಕಣ್ಣುಗಳಿಂದ. ಲೋಟ ಅವನ ಕೈಯಲ್ಲಿ ತಣ್ಣಗಿತ್ತು.

"ಶುರು," ಎಂದ. "ಶುರುವೇ ಕಷ್ಟ ಆಯ್ತು ನಂಗೆ."

ಅವರೆಲ್ಲ ಗೊಳ್ಳೆಂದು ನಕ್ಕರು. ಅವರ ನಡುವೆ ನಿಂತು, ಸ್ವಲ್ಪ ತಡವಾಗಿ, ಅವನೂ ನಕ್ಕ.